ಮಂಜೂಷದ ಬಳಿ ಮಲಗಿದ್ದ ಬಾಲಕ



ಶಿಲೋವಿನ ದೇವಾಲಯದಲ್ಲಿ ಬಾಲಕ ಸಮುವೇಲ ಮಲಗುತ್ತಿದ್ದುದು ದೇವರ ಮಂಜೂಷವಿದ್ದ ಸ್ಥಳದಲ್ಲೇ. ಇದಕ್ಕಿಂತ ಹತ್ತಿರ ಇನ್ನಾವುದು? ಆದರೂ ಅವನಿಗೆ ಸರ್ವೇಶ್ವರನ ಪರಿಚಯ ಇನ್ನೂ ಆಗಿರಲಿಲ್ಲವೆಂದು ಪವಿತ್ರ ಗ್ರಂಥ ತಿಳಿಸುತ್ತದೆ (1 ಸಮು. 3:7).

ಅದೇ ದೇವಾಲಯದಲ್ಲಿ ಏಲಿಯ ಮಕ್ಕಳಾದ ಹೊಫ್ನಿ ಮತ್ತು ಫೀನೆಹಾಸರೂ ಇದ್ದರು. ಅವರು ಯಾಜಕರು. ಬಲಿಯ ಮಾಂಸವನ್ನು ದೇವರಿಗೆ ಅರ್ಪಿಸುವ ಮೊದಲೇ ಜನರಿಂದ ಬಲವಂತವಾಗಿ ಕಸಿಯುತ್ತಿದ್ದವರು. ಅವರಿಗೂ ದೇವರ ಪರಿಚಯವಿರಲಿಲ್ಲ (2:12).

ಹಾಗಾದರೆ ವ್ಯತ್ಯಾಸವೇನು? ಸಮುವೇಲನಿಗೆ ಇನ್ನೂ ತಿಳಿದಿರಲಿಲ್ಲ. ಇವರಿಗೆ ತಿಳಿಯುವುದು ಬೇಕಾಗಿರಲಿಲ್ಲ. ರಾತ್ರಿ ಕರೆ ಬಂದಾಗ ಬಾಲಕ ಮೂರು ಸಲವೂ ಏಲಿಯ ಬಳಿಗೆ ಓಡಿದ. ಕರೆದವರು ಯಾರೆಂದು ತಪ್ಪು ತಿಳಿದ, ನಿಜ. ಆದರೆ ಪ್ರತಿ ಸಲವೂ ಎದ್ದ. ಅವರಿಬ್ಬರಾದರೋ ಹೆತ್ತ ತಂದೆಯ ಬುದ್ಧಿಮಾತಿಗೂ ಕಿವಿಗೊಡಲಿಲ್ಲ.

ಮುಂದೆ ಫಿಲಿಷ್ಟಿಯರೊಡನೆ ಯುದ್ಧವಾದಾಗ ಇಸ್ರಯೇಲರು ಮಂಜೂಷವನ್ನೇ ರಣರಂಗಕ್ಕೆ ಹೊತ್ತು ತಂದರು. ಭೂಮಿ ಅದುರುವಂತೆ ಜಯಘೋಷ ಮಾಡಿದರು. ಆದರೂ ಸೋತರು. ಮಂಜೂಷ ಶತ್ರುಗಳ ವಶವಾಯಿತು. ಏಲಿಯ ಮಕ್ಕಳಿಬ್ಬರೂ ಅಲ್ಲೇ ಮಡಿದರು. ದೇವರನ್ನು ಅರಿಯದವರಿಗೆ ದೇವರ ಪೆಟ್ಟಿಗೆ ತಾಯಿತವಾಗಲಿಲ್ಲ.

ನಮ್ಮ ಮನೆಯ ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟವಿದೆ, ಕಾರಿನ ಕನ್ನಡಿಯಲ್ಲಿ ಜಪಸರ ತೂಗುತ್ತಿದೆ. ಭಾನುವಾರದ ಬಲಿಪೂಜೆ ತಪ್ಪಿಸುವುದಿಲ್ಲ. ಇವು ಬೇಡವೆಂದು ನಾನು ಹೇಳುತ್ತಿಲ್ಲ. ಮಂಜೂಷವೂ ಪವಿತ್ರವೇ ಆಗಿತ್ತು. ಸಮುವೇಲ ದೇವರ ದನಿ ಕೇಳಿದ್ದೂ ಅದರ ಬಳಿಯಲ್ಲೇ. ಆದರೆ ಹತ್ತಿರವಿರುವುದೇ ಅರಿತಿರುವುದಲ್ಲ.

ಇದನ್ನು ಬರೆಯುವಾಗ ನನ್ನ ಮನಸ್ಸೇ ಚುಚ್ಚುತ್ತದೆ. ಒಮ್ಮೆ ಪೂಜೆ ಮುಗಿಸಿ ಒಳಗೆ ಬಂದಿದ್ದೆ. ಪೂಜಾವಸ್ತ್ರ ಇನ್ನೂ ಮೈಮೇಲಿತ್ತು. ವಯಸ್ಸಾದ ತಾಯಿಯೊಬ್ಬರು ಬಾಗಿಲಲ್ಲಿ ನಿಂತು, "ಸ್ವಾಮಿ, ಒಂದು ಮಾತಿತ್ತು" ಎಂದರು. ಹಬ್ಬದ ಲೆಕ್ಕದ ಗಡಿಬಿಡಿಯಲ್ಲಿ, "ನಾಳೆ ಬನ್ನಿ ಅಮ್ಮ" ಎಂದೆ. ಅವರು ಮತ್ತೆ ಬರಲಿಲ್ಲ. ಆ ಮಾತು ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಕ್ಷಣಕಾಲದ ಹಿಂದಷ್ಟೇ ಪ್ರಭುವನ್ನು ಕೈಯಲ್ಲಿ ಎತ್ತಿ ಹಿಡಿದವನು, ಬಾಗಿಲಿಗೆ ಬಂದ ಅವರ ದನಿಯನ್ನು ಗುರುತಿಸಲಿಲ್ಲ. ಹೊಫ್ನಿ, ಫೀನೆಹಾಸರು ಯಾಜಕರಾಗಿದ್ದರೆಂಬುದನ್ನು ಅಂದಿನಿಂದ ನಾನು ಮರೆತಿಲ್ಲ.

ದೇವರನ್ನು ಅರಿಯುವುದೆಂದರೇನು? ಪ್ರವಾದಿ ಯೆರೆಮೀಯ ಇದಕ್ಕೆ ಅರಸ ಯೋಷೀಯನನ್ನು ತೋರಿಸುತ್ತಾನೆ. ಆತ ದೀನದರಿದ್ರರಿಗೆ ನ್ಯಾಯ ದೊರಕಿಸಿದ, ಅದೇ ತನ್ನನ್ನು ಅರಿಯುವುದೆಂದು ದೇವರು ಹೇಳುತ್ತಾರೆ (ಯೆರೆ. 22:16). ಪಟದ ಮುಂದೆ ಮೇಣದಬತ್ತಿ ಹಚ್ಚುವ ನಾವು ಮನೆಗೆಲಸದವಳ ಸಂಬಳವನ್ನು ತಡೆಹಿಡಿದಿದ್ದೇವೆಯೇ? ಪರಮಪ್ರಸಾದ ಸ್ವೀಕರಿಸುವ ನಾಲಿಗೆ ಒಡಹುಟ್ಟಿದವನೊಡನೆ ಮಾತು ಬಿಟ್ಟು ಎಷ್ಟು ವರ್ಷವಾಯಿತು?

ಈ ವಾರ ಒಂದು ರಾತ್ರಿ ಜಪಸರ ಮುಗಿದ ಮೇಲೆ ತಕ್ಷಣ ಏಳಬೇಡಿ. ಐದು ನಿಮಿಷ ಸುಮ್ಮನಿರಿ. ಪ್ರಭು ಯಾರ ಹೆಸರನ್ನು ನೆನಪಿಗೆ ತರುತ್ತಾರೋ, ಬೆಳಿಗ್ಗೆ ಎದ್ದು ಅವರ ಬಳಿಗೆ ಹೋಗಿ. ನಾನೂ ಹೋಗುತ್ತೇನೆ.