ಅಂಕಿತವೂ ಹೆಸರೂ

ತಾನೇ ಪದ ಕಟ್ಟಿ, ತಾನೇ ಮಟ್ಟು ಹಾಕಿ, ತಾನೇ ಹಾಡುವವನು ಕನ್ನಡ ನಾಡಿಗೆ ಹೊಸಬನಲ್ಲ. ಪುರಂದರದಾಸರೂ ಕನಕದಾಸರೂ ಶಿಶುನಾಳದ ಷರೀಫರೂ ಆ ಪರಂಪರೆಯವರೇ. ಆದರೆ ಅವರು ಹಾಡಿನ ಕೊನೆಯಲ್ಲಿ ಇರಿಸಿಹೋದದ್ದು ತಾವು ನಂಬಿದ ದೈವದ ಅಂಕಿತವನ್ನೇ ಹೊರತು ತಮ್ಮ ಹೆಸರನ್ನಲ್ಲ. ಈ ಕಾಲದ ಹಾಡುಗಾರನ ಹೆಸರಾದರೋ ಧ್ವನಿಮುದ್ರಿಕೆಯ ಮುಖದ ಮೇಲೆಯೇ ಅಚ್ಚಾಗುವುದು. ಮೈಸೂರಿನಲ್ಲಿ ಬೆಳೆದು ಬೆಂಗಳೂರಿನಲ್ಲಿ ಹೆಸರಾದ ರಘು ದೀಕ್ಷಿತರ ಮೊದಲ ಆಲ್ಬಂ 2008ರಲ್ಲಿ ಹೊರಬಂದಾಗ ಅವರ ಹೆಸರೇ ಅದಕ್ಕೆ ಶೀರ್ಷಿಕೆಯಾಯಿತು. ಕರ್ತೃತ್ವಾಭಿಮಾನವನ್ನು ಬಂಧನವೆಂದು ಸಾರಿದ ಧರ್ಮಚಿಂತನೆಯ ನೆಲದಲ್ಲಿ ಇದನ್ನು ಏನೆಂದು ತಿಳಿಯಬೇಕು?

ಹಳೆಯದೆಲ್ಲ ತ್ಯಾಗ, ಹೊಸದೆಲ್ಲ ಅಹಂಕಾರ ಎಂದುಬಿಡುವುದು ಸುಲಭ, ಅದು ಸತ್ಯವಲ್ಲ. ಪುರಂದರವಿಠಲನೆಂಬ ಅಂಕಿತವಿದ್ದುದರಿಂದಲೇ ದಾಸರ ಕೃತಿ ದಾಸರದೆಂದು ಉಳಿದುಬಂದಿತು. ಶಿಶುನಾಳಾಧೀಶನೆಂದಾಗ ದೈವದೊಡನೆ ಷರೀಫರ ಊರೂ ಹಾಡಿನೊಳಗೆ ಬಂದು ಕುಳಿತಿತು. ಅಂಕಿತದಲ್ಲಿ ‘ನಾನು’ ಎಂಬುದು ಅಳಿದುಹೋಗದು. ಒಡೆಯನ ಪೀಠದಿಂದಿಳಿದು ಸೇವಕನ ಸ್ಥಾನದಲ್ಲಿ ನಿಲ್ಲುವುದು.

ಆ ಸ್ಥಾನವು ಹೆಸರು ಅಚ್ಚಾದವನಿಗೂ ನಿಷಿದ್ಧವಲ್ಲ. ದೀಕ್ಷಿತರ ಆ ಆಲ್ಬಮ್ಮಿನಲ್ಲಿ ಅವರ ಸ್ವಂತ ರಚನೆಗಳ ನಡುವೆ ಷರೀಫರ ಎರಡು ತತ್ತ್ವಪದಗಳು, ಗುಡುಗುಡಿಯದೊಂದು, ಸೋರುವ ಮಾಳಿಗೆಯದೊಂದು, ಗಿಟಾರಿನೊಡನೆ ಬಂದವು. ಅವರದೇ 2013ರ ಆಲ್ಬಂ ‘ಜಗ್ ಚಂಗಾ’ದಲ್ಲಿ ಷರೀಫರ ಲೋಕದ ಕಾಳಜಿಯ ಪದವೂ ಸೇರಿತು. ಮುಸಲ್ಮಾನರಾಗಿ ಹುಟ್ಟಿ, ಬ್ರಾಹ್ಮಣರಾದ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ವರಿಸಿದ ಷರೀಫರ (1819–1889) ಪದಗಳು ಬಹುಕಾಲ ಭಜನೆಯವರ ನಾಲಗೆಯ ಮೇಲೆಯೇ ಬದುಕಿದುವು, ಸಿ. ಅಶ್ವತ್ಥರು ಅವಕ್ಕೆ ಸುಗಮಸಂಗೀತದ ಮಟ್ಟು ಕೊಟ್ಟರು, 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಅವನ್ನು ಚಿತ್ರಮಂದಿರಕ್ಕೆ ತಂದಿತು. ಇಷ್ಟು ಜನರ ಕೈ ತಾಗಿದ ಪದದಲ್ಲಿ ‘ಇದು ನನ್ನದು’ ಎಂದು ಹೇಳುವ ಅಧಿಕಾರ ಯಾರಿಗೂ ಪೂರ್ತಿಯಾಗಿ ದಕ್ಕದು.

ಚಲನಚಿತ್ರಗೀತೆಯಲ್ಲಿ ಈ ಅಧಿಕಾರ ಇನ್ನೂ ಸಡಿಲ. ಅಲ್ಲಿ ಮಾತು ಪಾತ್ರದ್ದು, ಮುಖ ನಟನದು. ನಟ ಡಾ. ರಾಜ್‌ಕುಮಾರರ ಹೆಸರಿನ ರಸ್ತೆ ಹಾದುಹೋಗುವ ಬೆಂಗಳೂರಿನ ರಾಜಾಜಿನಗರದಲ್ಲಿ ಚಿ. ಉದಯಶಂಕರರು ಬರೆದ, ರಾಜನ್–ನಾಗೇಂದ್ರರು ರಾಗ ಹಾಕಿದ ಗೀತೆಯನ್ನು ಜನ ‘ರಾಜಣ್ಣನ ಹಾಡು’ ಎಂದೇ ಕರೆಯುವರು. ದೀಕ್ಷಿತರು 2008ರ ‘ಸೈಕೋ’ ಚಿತ್ರಕ್ಕೆ ಕೊಟ್ಟ ಮಹದೇಶ್ವರನ ಗೀತೆಯ ಗತಿಯೂ ಅದೇ. ಕಂಸಾಳೆಯವರು ತಲೆತಲಾಂತರದಿಂದ ಹಾಡಿದ ದೇವರು ರೋಚಕ ಚಿತ್ರವೊಂದರೊಳಗೆ ಹೊಕ್ಕನು. ಬಸವೇಶ್ವರನಗರದಲ್ಲೋ ವಿಜಯನಗರದಲ್ಲೋ ಗಣಪತಿಯ ಚಪ್ಪರದಲ್ಲಿ ಆರ್ಕೆಸ್ಟ್ರಾದವರು ಅದನ್ನೆತ್ತಿಕೊಂಡರೆ, ಕೇಳುವ ಮಹದೇಶ್ವರನ ಒಕ್ಕಲಿನವನಿಗೆ ಚಿತ್ರದ ಕಥೆ ಬೇಕಿಲ್ಲ, ರಚಿಸಿದವನ ಭಕ್ತಿಯ ಪ್ರಮಾಣವೂ ಬೇಕಿಲ್ಲ.

ಹಾಗೆಂದು ಹೆಸರನ್ನೇ ಅಳಿಸಬೇಕೆಂದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾಗಿ, ಚಿತ್ರಗೀತೆಯ ಕವಿಗೂ ಸಂಗೀತಗಾರನಿಗೂ ಗೌರವಧನದ ಪಾಲು ಭದ್ರವಾದುದು ನ್ಯಾಯವೇ. ಹಾಡಿ ಬದುಕುವವನಿಗೆ ಹೆಸರಿಲ್ಲದೆ ಅನ್ನವಿಲ್ಲ. ಲೋಕವ್ಯವಹಾರಕ್ಕೆ ಕರ್ತೃ ಬೇಕು, ಏಕೆಂದರೆ ಹೊಣೆಯೂ ವೇತನವೂ ಒಬ್ಬನಿಗೆ ಸಲ್ಲಬೇಕು. ಪರಮಾರ್ಥದಲ್ಲಿ ಕೇಳುವ ಪ್ರಶ್ನೆ ಬೇರೆ: ಪರರ ಪದವನ್ನು ಋಣವೆಂದು ಒಪ್ಪಿ ಹಾಡಬಲ್ಲನೇ? ತನ್ನ ಪದವನ್ನು ಹೆಸರರಿಯದವರು ಹಾಡಿದಾಗ ಕುಂದಿಲ್ಲದೆ ಕೇಳಬಲ್ಲನೇ? ಬಲ್ಲವನಿಗೆ ಮುಖಪುಟದ ಹೆಸರು ಬಂಧನವಾಗದು. ಅರಿಯದವನಿಗೆ ಅಂಕಿತವೂ ಆತ್ಮಪ್ರಶಂಸೆಯೇ.