ಬಿತ್ತುವ ದಿನ ಯಾರದು?

ಬಸವನ ಬಾಗೇವಾಡಿಯ ಮಣ್ಣು ಒಂದು ಒಗಟನ್ನು ಮುಂದಿಡುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಈ ಊರಲ್ಲಿ ಹುಟ್ಟಿದ ಬಸವಣ್ಣನವರು ಒಳ್ಳೆಯ ದಿನ, ಕೆಟ್ಟ ದಿನ ಎಂಬ ಎಣಿಕೆಯನ್ನು ಒಪ್ಪಲಿಲ್ಲ. ಲಗ್ನ, ತಾರಾಬಲ, ಚಂದ್ರಬಲ ಕೇಳುತ್ತ ಕೂಡುವವರಿಗೆ ಅವರು ಹೇಳಿದ್ದರ ಸಾರ ಇಷ್ಟೆ: ಶಿವನನ್ನು ನಂಬಿ ಕೈಹಾಕಿದ ದಿನಕ್ಕಿಂತ ಶುಭದಿನ ಬೇರೊಂದಿಲ್ಲ. ಆದರೆ ಅದೇ ಬಾಗೇವಾಡಿಯ ಒಕ್ಕಲುತನ ದಿನ ನೋಡದೆ ಒಂದು ಹೆಜ್ಜೆ ಮುಂದಿಡುವುದಿಲ್ಲ. ಹಿಂಗಾರಿಯ ಬಿಳಿಜೋಳವನ್ನು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಬಿತ್ತಿ ಮುಗಿಸಬೇಕು. ಕಡಲೆಯ ಕುಡಿಯನ್ನು ಹೂ ಬರುವ ಮುನ್ನವೇ ಚೂಟಬೇಕು. ಹಿತ್ತಲ ಮೆಂತ್ಯೆ ಚಳಿಯಲ್ಲಿ ಚೆನ್ನಾಗಿ ಬರುತ್ತದೆ, ಬಿರುಬೇಸಿಗೆಯಲ್ಲಿ ಸೊರಗುತ್ತದೆ. ಹಾಗಾದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಎಲ್ಲ ದಿನಗಳೂ ದೇವರ ದಿನಗಳೇ ಆಗಿದ್ದರೆ, ಬಿತ್ತುವುದಕ್ಕೆ ಒಂದು ದಿನ ಸರಿ, ಇನ್ನೊಂದು ದಿನ ತಪ್ಪು ಆಗುವುದು ಹೇಗೆ? ಶರಣರ ಮಾತು ಮನೆಯೊಳಗಿನ ಪೂಜೆಗಷ್ಟೇ ನಿಲ್ಲುತ್ತದೆಯೇ, ಹೊಲಕ್ಕೆ ಹೋದ ಕೂಡಲೆ ಪಂಚಾಂಗದ ಆಳ್ವಿಕೆ ಶುರುವಾಗುತ್ತದೆಯೇ?

ಉತ್ತರ ಹುಡುಕುವ ಮೊದಲು ಈ ನೆಲದಲ್ಲಿ ಕಾಲ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು. ಇಂಡಿ, ಸಿಂದಗಿಯ ಮೇಲೆ ಭೀಮಾ, ಮುದ್ದೇಬಿಹಾಳ, ಬಾಗೇವಾಡಿಯ ಕೆಳಗೆ ಕೃಷ್ಣಾ, ನಡುವೆ ಡೋಣಿ. ಹೊಳೆಗಳಿದ್ದರೂ ಮಳೆ ಕಡಿಮೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್ ಆಸುಪಾಸಿನಲ್ಲಿ. ಡೋಣಿ ದಂಡೆಯ ಆಳವಾದ ಎರೆ ಮಣ್ಣು ಆ ಮಳೆಯನ್ನು ಕುಡಿದು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಮುಂದೆ ಚಳಿಗಾಲದುದ್ದಕ್ಕೂ ಮೇಲಿಂದ ಹನಿ ಬೀಳದಿದ್ದರೂ ಜೋಳ ಆ ಹಸಿಯ ಮೇಲೆಯೇ ತೆನೆ ಕಟ್ಟುತ್ತದೆ. ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ ನಾಡತಳಿಯಿಂದ ಆರಿಸಿ ತೆಗೆದ ಮಾಲದಂಡಿ ಎಂ 35-1 ಇಷ್ಟು ಕಾಲ ಬಾಳಿ ಬಂದದ್ದು ಈ ಗುಣದಿಂದಲೇ. ಆದರೆ ಎರೆ ಮಣ್ಣು ಮನುಷ್ಯನಿಗೆ ಕೊಡುವ ಅವಕಾಶ ಬಹಳ ಕಿರಿದು. ಹಸಿ ಹೆಚ್ಚಾಗಿದ್ದರೆ ಕುಂಟೆ, ಕೂರಿಗೆಗೆ ಅಂಟಿಕೊಳ್ಳುತ್ತದೆ. ಆರಿಬಿಟ್ಟರೆ ಹೆಂಟೆಯಾಗಿ ಕಲ್ಲಾಗುತ್ತದೆ. ಈ ಎರಡರ ನಡುವೆ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬಿಟ್ಟರೆ ಉದುರುವ ಕೆಲವೇ ದಿನಗಳಿವೆ. ಅದಕ್ಕೆ ಒಕ್ಕಲಿಗರು ಇಟ್ಟ ಹೆಸರು ಹದ. ಬಿತ್ತಿದ ಮೇಲೂ ಎಡೆ ಹೊಡೆದು ನೆಲದ ಬಿರುಕು ಮುಚ್ಚದಿದ್ದರೆ ಒಳಗಿನ ಹಸಿ ಆ ಬಿರುಕಿನಿಂದಲೇ ಹಾರಿಹೋಗುತ್ತದೆ.

ಒಗಟು ಬಿಡಿಸುವ ಕೀಲಿ ಇರುವುದು ಈ ಹದ ಎಂಬ ಮಾತಿನಲ್ಲಿ. ಮುಹೂರ್ತ ಕೇಳುವವನ ಪ್ರಶ್ನೆ ತನ್ನ ಬಗ್ಗೆ: ಈ ಹೊತ್ತು ನನಗೆ ಕೂಡಿಬರುತ್ತದೆಯೇ, ನನಗೆ ಕೇಡು ತಟ್ಟುವುದಿಲ್ಲವೇ? ಹದ ನೋಡುವವನ ಪ್ರಶ್ನೆ ಮಣ್ಣಿನ ಬಗ್ಗೆ, ಬೀಜದ ಬಗ್ಗೆ: ಇದಕ್ಕೆ ಈಗ ಏನು ಬೇಕಾಗಿದೆ? ಮುಹೂರ್ತದ ಉತ್ತರ ಪುಸ್ತಕದಲ್ಲಿದೆ. ಹೊಲಕ್ಕೆ ಹೋಗದೆಯೂ ಸಿಗುತ್ತದೆ. ಹದದ ಉತ್ತರ ಬಾಗಿ ಮಣ್ಣು ಮುಟ್ಟಿದವರಿಗೆ ಮಾತ್ರ. ಮೊದಲನೆಯದರ ಬೇರು ಅಂಜಿಕೆಯಲ್ಲಿದೆ, ಎರಡನೆಯದರದು ಕಾಳಜಿಯಲ್ಲಿ. ಶರಣರು ತಳ್ಳಿಹಾಕಿದ್ದು ಅಂಜಿಕೆಯನ್ನು. ದೇವರು ಕೆಲವು ಗಳಿಗೆಗಳಲ್ಲಿ ಒಲಿದು, ಕೆಲವು ಗಳಿಗೆಗಳಲ್ಲಿ ಮುನಿಯುತ್ತಾನೆ ಎಂಬ ಎಣಿಕೆ ಅವರಿಗೆ ದೇವರ ನಿಂದೆಯಂತೆ ಕಂಡಿತು. ಕಾಲದ ಪಾವಿತ್ರ್ಯ ಎಲ್ಲ ದಿನಕ್ಕೂ ಸಮ. ಆದರೆ ಬೀಜದ ಅಗತ್ಯ ಎಲ್ಲ ದಿನಕ್ಕೂ ಸಮವಲ್ಲ. ಹಸಿದ ಜಂಗಮನಿಗೆ ಹಸಿವಿದ್ದಾಗ ಉಣಬಡಿಸುವುದು ಮುಹೂರ್ತ ನೋಡಿದಂತಾಗುವುದಿಲ್ಲ; ಎದುರಿಗಿರುವ ಜೀವವನ್ನು ನೋಡಿದಂತಾಗುತ್ತದೆ. ಮಣ್ಣಿನ ಹದ ಕಾಯುವುದೂ ಅಂಥದೇ ದಾಸೋಹ. ಮುಹೂರ್ತ ಬಿಡುವುದು, ಹದ ಹಿಡಿಯುವುದು ಬೇರೆ ಬೇರೆ ಧರ್ಮಗಳಲ್ಲ; ಒಂದೇ ಭಕ್ತಿಯ ಎರಡು ಮುಖಗಳು. ವಚನಕಾರರಲ್ಲಿ ಒಕ್ಕಲಿಗ ಮುದ್ದಣ್ಣನೂ ಒಬ್ಬನಾಗಿದ್ದು, ಬೇಸಾಯದ ಮಾತುಗಳಲ್ಲಿಯೇ ಒಳಗಿನ ಸಾಧನೆಯನ್ನು ಹೇಳಿದ್ದು ಆಕಸ್ಮಿಕವಲ್ಲ. ಕೆಲಸ ನಡೆದಿರುವಾಗ ಗುರುವೇ ಬಂದರೂ ಕೈಬಿಡಬಾರದೆಂಬ ಮಟ್ಟಕ್ಕೆ ಶರಣ ಆಯ್ದಕ್ಕಿ ಮಾರಯ್ಯ ಕಾಯಕವನ್ನು ಎತ್ತರಿಸಿದಾಗ, ಆ ಕೆಲಸಕ್ಕೆ ತನ್ನದೇ ಒಂದು ಹೊತ್ತು ಇದೆ ಎಂಬ ಅರಿವೂ ಅದರೊಳಗೇ ಇದೆ.

ಇಂಡಿಯ ಲಿಂಬೆಯ ತೋಟದಲ್ಲಿ ಈ ಮಾತಿಗೆ ಗಟ್ಟಿ ಸಾಕ್ಷಿ ಸಿಗುತ್ತದೆ. ಭೌಗೋಳಿಕ ಗುರುತು ಪಡೆದ ಇಂಡಿ ಲಿಂಬೆ ಇಂಡಿ, ಸಿಂದಗಿ ಸೀಮೆಯ ಸಾವಿರಾರು ಕುಟುಂಬಗಳ ಜೀವನಾಧಾರ. ಬಿಟ್ಟರೆ ಲಿಂಬೆ ವರ್ಷವಿಡೀ ಅಷ್ಟಿಷ್ಟು ಹೂ ಬಿಡುವ ಗಿಡ. ಅದನ್ನು ಒಂದು ಹಂಗಾಮಿಗೆ ಒಟ್ಟಾಗಿ ಹೂ ಬಿಡಿಸುವುದಕ್ಕೆ ಬಹಾರ ಎನ್ನುತ್ತಾರೆ. ಮಾವು ಹೂ ಬಿಡುವ ಹೊತ್ತಿಗೆ ಅಂಬೆ ಬಹಾರ, ಮೃಗಶಿರ ಮಳೆಗೆ ಮೃಗ ಬಹಾರ, ಹಸ್ತ ಮಳೆಯ ಆಸುಪಾಸಿಗೆ ಹಸ್ತ ಬಹಾರ. ಹಸ್ತದ ಹೂವು ಕಾಯಾಗಿ ಕೈಗೆ ಬರುವುದು ಬೇಸಿಗೆಯಲ್ಲಿ, ಲಿಂಬೆಗೆ ಬೆಲೆ ಇರುವಾಗ. ಬಹಾರ ತರಿಸುವ ಬಗೆ ಮಾತ್ರ ಎಲ್ಲದಕ್ಕೂ ಒಂದೇ: ನೀರು ನಿಲ್ಲಿಸಬೇಕು. ಎಲೆ ಬಾಡಿ, ಒಂದಷ್ಟು ಉದುರುವವರೆಗೆ ಗಿಡವನ್ನು ಒಣಗಿಸಿ, ಆಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಹೂವು ಬರುತ್ತದೆ. ಹಗುರ ಮಣ್ಣಿನಲ್ಲಿ ಒಣಗಿಸುವ ದಿನ ಕಡಿಮೆ, ಎರೆಯಲ್ಲಿ ಹೆಚ್ಚು. ಹೆಚ್ಚು ಒಣಗಿಸಿದರೆ ಗಿಡ ಸಾಯುತ್ತದೆ, ಕಡಿಮೆ ಒಣಗಿಸಿದರೆ ಬರೀ ಎಲೆ. ಪ್ರೀತಿಯಿಂದ ದಿನವೂ ನೀರುಣಿಸುವ ಕೈ ಇಲ್ಲಿ ಹೂವನ್ನೇ ತಡೆಯುತ್ತದೆ. ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬಾ ಎಂದ ಕಥೆ ಇಡೀ ನಾಡಿಗೆ ಗೊತ್ತು. ಬೇಕಾದಷ್ಟೇ, ಬೇಕಾದಾಗಲೇ ಎಂಬ ಆ ನಿಷ್ಠುರ ಪ್ರೀತಿಯನ್ನು ಲಿಂಬೆ ಗಿಡವೂ ಕೇಳುತ್ತದೆ.

ದೊಡ್ಡ ತೋಟ ಇಲ್ಲದ ಮನೆಗೂ ಇದು ಸಲ್ಲುತ್ತದೆ. ಬಚ್ಚಲ ನೀರು ಹರಿದು ಹೋಗುವ ಹಿತ್ತಲಲ್ಲಿ ನುಗ್ಗೆ, ಕರಿಬೇವು, ಒಂದೆರಡು ಮಡಿ ಪಲ್ಲೆ. ಇದನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಮಳೆಗಾಲದ ಮೊದಲು ಕುರಿಗೊಬ್ಬರ ಹಾಕಿ ಅಗೆಯುವುದು, ಹೀರೆ, ಅವರೆಯ ಬಳ್ಳಿಗೆ ಹಂದರ ಕಟ್ಟುವುದು, ಮಳೆ ಹಿಂಜರಿದಾಗ ಮೆಂತ್ಯೆ, ಸಬ್ಬಸಿಗೆ, ಹಕ್ಕರಿಕಿ ಬಿತ್ತುವುದು, ರಾತ್ರಿಯ ತಾಪ 10 ಡಿಗ್ರಿಯ ಆಸುಪಾಸಿಗೆ ಇಳಿಯುವ ಚಳಿಯಲ್ಲಿ ಎಳೆಯ ಸಸಿಗೆ ಮರೆ ಮಾಡುವುದು, ಮುಂದೆ 40 ದಾಟುವ ಬಿಸಿಲಿಗೆ ಬುಡಕ್ಕೆ ಕಸಕಡ್ಡಿ ಹೊದಿಸುವುದು. ಹೊಲದಲ್ಲಿ ಕಡಲೆಯ ಕುಡಿ ಚೂಟಿದರೆ ಗಿಡ ಕವಲೊಡೆಯುತ್ತದೆ, ಮನೆಗೆ ಪಲ್ಲೆಯೂ ಆಗುತ್ತದೆ. ಹೂ ಬಂದ ಮೇಲೆ ಚೂಟಿದರೆ ಕಾಯಿಯನ್ನೇ ಕಿತ್ತಂತೆ. ಯಾವ ಗ್ರಂಥವನ್ನೂ ತೆರೆಯದೆ ಈ ಕೈಗಳು ವರ್ಷವನ್ನು ಓದುತ್ತ ಬಂದಿವೆ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ ಜನಪದ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ಪ್ರಕಟಿಸಿದಾಗ ನಾಡು ಬೆರಗಾದದ್ದು ಅಕ್ಷರ ಕಲಿಯದ ಹೆಣ್ಣುಮಕ್ಕಳ ಇಂಥ ತಿಳಿವಳಿಕೆಯನ್ನು ಕಂಡೇ. ಪೂಜೆಗೆ ಅರ್ಹತೆ ಕೇಳಿದ ಕಾಲದಲ್ಲಿಯೂ ಹದದ ಅರಿವಿಗೆ ಯಾರೂ ಅವರ ಜಾತಿ, ಲಿಂಗ ಕೇಳಲಾಗಲಿಲ್ಲ. ಮಣ್ಣು ಮುಟ್ಟಿದ ಎಲ್ಲರಿಗೂ ಅದು ತೆರೆದೇ ಇತ್ತು.

ಈ ವಾದಕ್ಕೆ ಮೊದಲ ಆಕ್ಷೇಪ ಪಂಚಾಂಗದ ಕಡೆಯಿಂದಲೇ ಬರುತ್ತದೆ. ರೋಹಿಣಿ, ಮೃಗಶಿರ, ಆರಿದ್ರಾ, ಉತ್ತರಾ, ಹಸ್ತ, ಚಿತ್ತಾ ಎಂದು ಮಳೆನಕ್ಷತ್ರಗಳ ಮೇಲೆಯೇ ರೈತರು ಬಿತ್ತನೆಯನ್ನು ಲೆಕ್ಕ ಹಾಕುತ್ತ ಬಂದಿಲ್ಲವೇ, ತಲೆಮಾರುಗಳ ಅನುಭವವನ್ನು ಹೀಗೆ ಬದಿಗೆ ಸರಿಸುವುದು ಅಹಂಕಾರವಲ್ಲವೇ? ಈ ಆಕ್ಷೇಪದಲ್ಲಿ ಸತ್ಯವಿದೆ. ಮಳೆನಕ್ಷತ್ರಗಳು ಸಮುದಾಯದ ನೆನಪಿನ ಗಂಟುಗಳು. ಅವಿಲ್ಲದೆ ಅನುಭವ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತಿರಲಿಲ್ಲ. ಆದರೆ ನೆನಪು ಬೇರೆ, ಅಪ್ಪಣೆ ಬೇರೆ. ನಕ್ಷತ್ರದ ಲೆಕ್ಕದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಈ ಅಂತರ 71 ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನವಾಗುತ್ತದೆ. ಬಸವಣ್ಣನವರ ಕಾಲದಿಂದ ಇಂದಿನವರೆಗೆ ಸುಮಾರು 12 ದಿನ ಸರಿದಿದೆ. ಒಂದು ಮಳೆನಕ್ಷತ್ರದ ಅವಧಿಯೇ 13–14 ದಿನ. ಈಗ ರೋಹಿಣಿ ಕೂಡುವ ಹೊತ್ತಿಗೆ ಆಗ ಹೆಚ್ಚುಕಡಿಮೆ ಮೃಗಶಿರ ಕೂಡುತ್ತಿತ್ತು. ಸಂಕ್ರಾಂತಿಯೂ ಹಾಗೆಯೇ: ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ, ಹಬ್ಬ ಬರುವುದು ಜನವರಿ ನಡುವೆ. ದೂರದ ಮಧ್ಯ ಯುರೋಪಿನಲ್ಲೂ ಇದೇ ಕಥೆ. ಅಲ್ಲಿ ಮೇ 11ರಿಂದ 15ರವರೆಗಿನ ಸಂತರ ದಿನಗಳನ್ನು ಹಿಮದ ಸಂತರ ದಿನಗಳೆಂದು ಕರೆದು, ಅವು ಕಳೆಯದೆ ಎಳೆಯ ಸಸಿಗಳನ್ನು ಹೊರಗೆ ನೆಡಬಾರದೆಂದರು. 1582ರಲ್ಲಿ ಕ್ಯಾಲೆಂಡರ್ ತಿದ್ದಿ 10 ದಿನ ಕೈಬಿಟ್ಟಾಗ ಸಂತರ ದಿನಗಳು ಋತುವಿನಿಂದ ಅಷ್ಟು ಹಿಂದಕ್ಕೆ ಜಿಗಿದವು. ಹಿಮ ಮಾತ್ರ ತನ್ನ ಹೊತ್ತಿಗೇ ಬಿತ್ತು. ಹೆಸರುಗಳು ಸರಿಯುತ್ತವೆ, ಹದ ಸರಿಯುವುದಿಲ್ಲ. ಹಸ್ತ ಕೂಡಿದರೂ ಮಳೆ ಬಾರದಿದ್ದರೆ ಯಾವ ರೈತನೂ ಹೆಸರನ್ನು ನಂಬಿ ಒಣಮಣ್ಣಿಗೆ ಜೋಳ ಚೆಲ್ಲುವುದಿಲ್ಲ.

ಎರಡನೆಯ ಆಕ್ಷೇಪ ಇಂದಿನದು. ಕೊಳವೆಬಾವಿ, ಹನಿ ನೀರಾವರಿ, ನೆರಳು ಪರದೆ ಇರುವಾಗ ಹದ ಕಾಯುವ ಮಾತೇಕೆ, ಋತುವನ್ನು ನಾವೇ ಮಾಡಿಕೊಳ್ಳಬಹುದಲ್ಲ? ಮೇ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟು ಈ ಬರದ ಸೀಮೆಗೆ ತಂದ ಹಸಿರು ಸಣ್ಣದಲ್ಲ, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಅದೇ ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟಿನಲ್ಲಿ ಮಿತಿಮೀರಿ ನೀರು ಹಾಯಿಸಿದ ಕಡೆ ಎರೆ ಹೊಲಗಳು ಸವಳು, ಜವಳಾಗಿವೆ. ನೀರು ಬಂದದ್ದರಿಂದ ಹದದ ಹೊಣೆ ತಪ್ಪಲಿಲ್ಲ. ಅದು ಮೋಡದ ಕೈಯಿಂದ ಮನುಷ್ಯನ ಕೈಗೆ ಬಂದು ಇನ್ನಷ್ಟು ಭಾರವಾಯಿತು. ಮಿನ್ನೆಸೋಟದಂಥ ಚಳಿನಾಡಿನಲ್ಲಿ ನೆಲೆಸಿದ ಕನ್ನಡ ಮನೆಗಳೂ ಇದನ್ನೇ ಕಲಿಯುತ್ತವೆ. ಅಲ್ಲಿ ಯುಗಾದಿಯ ದಿನ ಅಂಗಳದಲ್ಲಿ ಹಿಮ ಕೂತಿರಬಹುದು. ಬದನೆಯ ಬೀಜವನ್ನು ಮನೆಯೊಳಗೆ ಕುಂಡದಲ್ಲಿ ಮೊಳೆಸಿ, ಮೇ ನಡುವಿಗೆ ಕೊನೆಯ ಹಿಮ ಕಳೆದ ಮೇಲೆ ಹೊರಗೆ ನೆಡಬೇಕು. ಹಬ್ಬ ಊರಿನಿಂದ ಜೊತೆಗೆ ಬರುತ್ತದೆ; ಹದವನ್ನು ಮಾತ್ರ ಹೋದ ನೆಲದಿಂದಲೇ ಕೇಳಿ ತಿಳಿಯಬೇಕು.

ಹಾಗಾದರೆ ಹಬ್ಬಗಳೂ ಬೇಡವೇ ಎಂದು ಕೇಳಬಹುದು. ಎಳ್ಳಮಾವಾಸ್ಯೆ ಚಾಂದ್ರಮಾನದ ಲೆಕ್ಕದಲ್ಲಿ ಒಮ್ಮೆ ಡಿಸೆಂಬರಿಗೆ, ಒಮ್ಮೆ ಜನವರಿಗೆ ಬರುತ್ತದೆ. ಅದನ್ನು ನೋಡಿ ಯಾವ ಕೆಲಸವನ್ನೂ ನಿಗದಿ ಮಾಡಲಾಗದು. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಸಜ್ಜೆರೊಟ್ಟಿ, ಹೋಳಿಗೆ, ಕಡುಬು, ಪಲ್ಲೆಗಳ ಚರಗವನ್ನು ಬೆಳೆಯ ನಡುವೆ ಚೆಲ್ಲುತ್ತಾರೆ. ಅದು ಫಲ ಬೇಡುವ ಲಂಚವೆಂದು ತಿಳಿದರೆ ಶರಣರ ಟೀಕೆ ಅದಕ್ಕೂ ತಗಲುತ್ತದೆ. ಆದರೆ ಚರಗ ಚೆಲ್ಲುವುದು ಬಿತ್ತುವ ಮುನ್ನವಲ್ಲ, ದುಡಿದು ಬೆಳೆ ಎದೆಮಟ್ಟ ನಿಂತ ಮೇಲೆ. ಅದು ಹಕ್ಕಿಗೆ, ಹುಳುವಿಗೆ, ನೆಲಕ್ಕೆ ಪಾಲು ಕೊಡುವ ದಿನ. ಕೃತಜ್ಞತೆಗೆ ದಿನ ಗೊತ್ತುಮಾಡಿಕೊಂಡರೆ ಕಾಲಕ್ಕೆ ಅಂಜಿದಂತಾಗುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಬೇರೆಯೇ ಇದೆ. ಹದ ಅರಿತು, ಹೊತ್ತಿಗೆ ಸರಿಯಾಗಿ ದುಡಿದವನ ಬೆಳೆಯೂ ಒಣಗುತ್ತದೆ. ಇದೇ ತಾಲೂಕುಗಳಿಂದ ಬರಗಾಲದಲ್ಲಿ ಮನೆಗೆ ಬೀಗ ಹಾಕಿ ಮಹಾರಾಷ್ಟ್ರ, ಗೋವಾ ಕಡೆ ಗುಳೆ ಹೋಗುವ ಕುಟುಂಬಗಳು ಹದ ತಪ್ಪಿದವರಲ್ಲ. ಅವರ ಮುಂದೆ ಹದವೇ ಪೂಜೆ ಎಂಬ ಮಾತು ಪೊಳ್ಳಾಗಿ ಕೇಳುವುದಿಲ್ಲವೇ? ಕಾಯಕಕ್ಕೆ ಫಲ ಖಾತ್ರಿ ಎಂದು ಹೇಳಿದರೆ ಖಂಡಿತ ಪೊಳ್ಳು. ಸೋತವನೇ ತಪ್ಪಿತಸ್ಥ ಎಂಬ ಕ್ರೂರ ತೀರ್ಮಾನಕ್ಕೂ ಅದು ಒಯ್ಯುತ್ತದೆ. ಹದ ಖಾತ್ರಿ ಕೊಡುವುದಿಲ್ಲ. ಅದು ಮನುಷ್ಯನ ಪಾಲಿನ ಕೆಲಸ ಎಲ್ಲಿಯವರೆಗೆ ಎಂಬುದನ್ನಷ್ಟೇ ತೋರಿಸುತ್ತದೆ. ಆ ಗೆರೆಯ ಆಚೆ ಒಬ್ಬನ ಕಾಯಕ ಮುಗಿದು ಊರಿನ ದಾಸೋಹ ಶುರುವಾಗಬೇಕು: ಮಳೆ ಕೈಕೊಟ್ಟ ವರ್ಷ ಕೂಲಿ, ಕಾಳು, ಮೇವು, ನ್ಯಾಯವಾದ ಬೆಲೆ, ಸಾಲದ ಗಡುವಿನಲ್ಲಿ ಸಡಿಲಿಕೆ. ಶರಣರು ಕಾಯಕ, ದಾಸೋಹಗಳನ್ನು ಜೋಡಿಯಾಗಿಟ್ಟದ್ದು ಇದಕ್ಕೇ. ಬೀಜಕ್ಕೆ ಯಾವಾಗ ಏನು ಬೇಕೆಂದು ಇಷ್ಟು ಸೂಕ್ಷ್ಮವಾಗಿ ಅರಿತ ಸಮಾಜ, ಬಿತ್ತಿದವರಿಗೆ ಯಾವಾಗ ಏನು ಬೇಕೆಂದು ಅರಿಯದಿದ್ದರೆ ಅದರ ಹದದ ಜ್ಞಾನ ಅರ್ಧಕ್ಕೇ ನಿಂತಂತೆ. ನೆರವಿಗೂ ಒಂದು ಹದವಿದೆ. ಹೊತ್ತು ಮೀರಿ ಬಂದ ಪರಿಹಾರ, ಬೆಳೆ ಒಣಗಿದ ಮೇಲೆ ಬಂದ ಮಳೆಯಂತೆ.

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬಿತ್ತುವ ದಿನ ಪಂಚಾಂಗದ್ದಲ್ಲ, ಬಿತ್ತುವವನದೂ ಅಲ್ಲ, ಅದು ಬೀಜದ್ದು. ಎಲ್ಲ ದಿನವೂ ಸಮ ಎಂದು ನಂಬಿದವನಿಗೆ ಯಾವ ದಿನದ ಭಯವೂ ಇರುವುದಿಲ್ಲ. ಭಯ ಕಳೆದ ಕಣ್ಣಿಗೆ ಮಾತ್ರ ಮಣ್ಣು ಇದ್ದ ಹಾಗೆ ಕಾಣುತ್ತದೆ. ಸೆಪ್ಟೆಂಬರಿನ ಮಳೆ ನಿಂತ ಮುಂಜಾನೆ ಡೋಣಿ ದಂಡೆಯ ಒಕ್ಕಲಿಗ ಬಾಗಿ ಒಂದು ಮುಷ್ಟಿ ಎರೆ ಎತ್ತಿ ಹಿಚುಕಿ ನೋಡುವಾಗ ಅಲ್ಲಿ ಮಂತ್ರವಿಲ್ಲ, ಗಳಿಗೆಯ ಎಣಿಕೆಯಿಲ್ಲ. ಅಂಗೈಯಲ್ಲಿರುವ ಮಣ್ಣಿಗೆ ಏನು ಬೇಕು ಎಂಬ ಒಂದೇ ವಿಚಾರವಿದೆ. ಬಾಗೇವಾಡಿಯ ಬಸವಣ್ಣನವರು ಬಯಸಿದ ಪೂಜೆಗೆ ಅಷ್ಟು ಸಾಕು.