ಹಾಸಿಗೆಯ ಅಳತೆ ಯಾರ ಕೈಯಲ್ಲಿ?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಹೆಚ್ಚಾಗಿ ಉಳ್ಳವರು ಇಲ್ಲದವರಿಗೆ ಹೇಳುತ್ತಾರೆ. ಸಾಲ ಕೊಟ್ಟವ ತಗೊಂಡವನಿಗೆ ಹೇಳುತ್ತಾನೆ. ತಪ್ಪೆಲ್ಲ ಕಾಲಿನದೇ ಎಂಬ ತೀರ್ಪು ಆ ದನಿಯಲ್ಲೇ ಇರುತ್ತದೆ. ವಿಜಯಪುರ ಜಿಲ್ಲೆಯ ಹೊನವಾಡದ ಸುತ್ತಿನ ದ್ರಾಕ್ಷಿ ಸೀಮೆಯಲ್ಲಿ ನಿಂತು ಕೇಳಿದರೆ, ಕಾಲಿಗಿಂತ ಮೊದಲು ಹಾಸಿಗೆಯನ್ನು ವಿಚಾರಿಸಬೇಕು ಅನ್ನಿಸುತ್ತದೆ.

ನಮ್ಮ ಕಡೆ ಹಾಸಿಗೆ ಅಂದರೆ ಕೌದಿ. ಜೀರ್ಣವಾದ ಇಳಕಲ್ ಸೀರೆ, ಹಳೆ ಧೋತರ, ಮಕ್ಕಳಿಗೆ ಸಾಲದಾದ ಅಂಗಿ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ದಾರ ಎಳೆಯುತ್ತ ಬರುತ್ತಾರೆ. ಹುಡುಗ ಎತ್ತರ ಬೆಳೆದರೆ ಇನ್ನೊಂದು ಪಟ್ಟಿ ಕೂಡಿಸಿದರಾಯಿತು. ಅದರ ಅಳತೆಯೂ ಹಿಗ್ಗಿಸುವ ದಾರಿಯೂ ಹೊಲಿದವಳಿಗೆ ಗೊತ್ತು. ಗಾದೆ ಒಪ್ಪುವುದು ಇಂಥ ಹಾಸಿಗೆಗೆ. ಮುದುಡಿಕೊಂಡು ಮಲಗು ಅಂತ ಗಾದೆ ಯಾರಿಗೂ ಹೇಳಿಲ್ಲ.

ಹಾಸಿಗೆ ಮೀರಿ ಕಾಲು ಚಾಚಿಸುವುದು ಕೊಳ್ಳುವ ಹಂಬಲ ಅನ್ನುತ್ತಾರೆ. ಅದು ಟಿವಿ ಜಾಹೀರಾತಿನ ಜೊತೆ ಬಂದದ್ದಲ್ಲ. 1604ರ ಸುಮಾರಿಗೆ ಅಕ್ಬರನ ದೂತನಾಗಿ ಆದಿಲ್‌ಶಾಹಿ ವಿಜಾಪುರಕ್ಕೆ (ಇಂದಿನ ವಿಜಯಪುರ) ಬಂದಿದ್ದ ಅಸದ್ ಬೇಗ್ ಇಲ್ಲಿನ ಪೇಟೆಗೆ ಬೆರಗಾಗಿ ಬರೆದಿಟ್ಟಿದ್ದಾನೆ. ಅಗಲವಾದ ಬೀದಿ, ಅಂಗಡಿಗಳ ಮುಂದೆ ಹಸಿರು ಮರ, ಬಟ್ಟೆ, ಒಡವೆ, ಆಯುಧ, ಅಡಿಗೆ ಎಲ್ಲವೂ ಅಲ್ಲಿದ್ದವು. ತಂಬಾಕನ್ನು ಆತ ಇಲ್ಲೇ ಕಂಡು, ಚಂದದ ಹುಕ್ಕಾ ಸಮೇತ ಒಯ್ದು ಅಕ್ಬರನ ಮುಂದಿಟ್ಟ. ಹಕೀಮರು ಬೇಡವೆಂದರು, ದೊರೆ ಚಟ ಹಚ್ಚಿಕೊಳ್ಳಲಿಲ್ಲ. ಅಮೀರರು ಹಚ್ಚಿಕೊಂಡರು, ವ್ಯಾಪಾರಿಗಳು ಮಾರಲು ಸುರು ಮಾಡಿದರು. ನಿನ್ನೆ ಹೆಸರೇ ಗೊತ್ತಿರದ ವಸ್ತು ಇಂದು ಇಲ್ಲದಿದ್ದರೆ ನಡೆಯದು ಅನ್ನುವ ಹಂತಕ್ಕೆ ಬರುವುದು ಹೀಗೆ.

ಆ ಪೇಟೆಯ ಸರಕು ರೈತನಿಗೆ ಎಟುಕುತ್ತಿರಲಿಲ್ಲ. ಅವನದು ವಾರದ ಸಂತೆ, ಗುರುತಿನ ಅಂಗಡಿಯ ಉದ್ರಿ, ಸುಗ್ಗಿಗೆ ಚುಕ್ತಾ. ಉದ್ರಿಯಲ್ಲಿ ಮೋಸವಿತ್ತು, ಬಡ್ಡಿಯೂ ಇತ್ತು. ಆದರೆ ಮಳೆ ಕೈಕೊಟ್ಟದ್ದು ಅಂಗಡಿಯವನ ಕಣ್ಣಿಗೂ ಬೀಳುತ್ತಿತ್ತು.

ಈಗ ದ್ರಾಕ್ಷಿ ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿಯಿಂದಲೇ ಖರ್ಚು: ಗೊಬ್ಬರ, ಔಷಧ, ಆಳಿನ ಪಗಾರ. ಬೇಸಿಗೆ ಏರುವಾಗ ಗೊನೆ ಕೊಯ್ದು, ಶೆಡ್ಡಿನ ಬಲೆಯ ಮೇಲೆ ಎರಡು ವಾರಕ್ಕೂ ಮೇಲ್ಪಟ್ಟು ಒಣಗಿಸಿದರೆ ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ವಿಜಯಪುರ, ತಾಸಗಾಂವ, ಸಾಂಗಲಿ ಪೇಟೆಯಲ್ಲಿ ದರ ನಿಂತ ಮೇಲಷ್ಟೇ ಆ ವರ್ಷದ ಹಾಸಿಗೆ ಎಷ್ಟುದ್ದ ಅಂತ ತಿಳಿಯುವುದು. ಬೈಕು, ಫ್ರಿಜ್ಜು, ಮೊಬೈಲಿನ ಕಂತು ಮಾತ್ರ ತಿಂಗಳಾ ತಿಂಗಳಾ ಬರುತ್ತದೆ. ಕೊಳ್ಳುವಾಗ ಕಿವಿಗೆ ಬೀಳುವುದು “ತಿಂಗಳಿಗೆ ಇಷ್ಟ ನೋಡ್ರಿ” ಎಂಬ ಮಾತು. ಬಡ್ಡಿ ಕೂಡಿದ ಪೂರ್ತಿ ಮೊತ್ತ ಕಾಗದದ ಸಣ್ಣಕ್ಷರದಲ್ಲಿ ಕೂತಿರುತ್ತದೆ. ಅಳತೆ ತೋರಿಸದೆ ಹಾಸಿಗೆ ಹಾಸಿಕೊಟ್ಟು, ಆಮೇಲೆ ಕಾಲು ಉದ್ದವಾಯಿತು ಅಂತ ಬೈಯುವುದು ಅನ್ಯಾಯ.

ಬಯಕೆಯನ್ನೇ ಬಿಟ್ಟು ಬಾಳಿದವರೂ ನಮ್ಮ ಕಡೆ ಇದ್ದರು. ಹೊನವಾಡದ ನೆರೆಯ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ಕಿಸೆಯಿಲ್ಲದ ಅಂಗಿ ತೊಟ್ಟು ಬದುಕಿದರು, 2018ರಲ್ಲಿ ಪದ್ಮಶ್ರೀಯನ್ನೂ ಒಲ್ಲೆನೆಂದರು. 2023ರ ಜನವರಿಯಲ್ಲಿ ಅವರ ಅಂತಿಮ ದರ್ಶನಕ್ಕೆ ವಿಜಯಪುರದಲ್ಲಿ ಜನ ಕಿಕ್ಕಿರಿದಿದ್ದರು. ಆ ಬಾಳನ್ನು ಕಂಡು ಕೈಮುಗಿಯುವವಳು ನಾನು. ಆದರೂ ಸಂಸಾರಸ್ಥರಿಗೆ ಕಿಸೆ ಬೇಕು. ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಹಾಲು ಕೆಡದಿರಲಿ ಅಂತ ಫ್ರಿಜ್ಜು ಬಯಸುವ ತಾಯಿಗೆ ವೈರಾಗ್ಯದ ಪಾಠ ಬೇಕಿಲ್ಲ, ನ್ಯಾಯವಾದ ಸಾಲ ಬೇಕು.

2025ರಲ್ಲಿ ರಾಜ್ಯ ಸರ್ಕಾರ ಕಿರುಸಾಲದ ವಸೂಲಿಯಲ್ಲಿನ ದಬ್ಬಾಳಿಕೆ ತಡೆಯಲು ಸುಗ್ರೀವಾಜ್ಞೆ ತಂದಿತು. ತಪ್ಪಿತಸ್ಥರಿಗೆ 10 ವರ್ಷದವರೆಗೆ ಜೈಲು. ಬಾಗಿಲಿಗೆ ಬಂದು ಮರ್ಯಾದೆ ಕಳೆಯುವವರನ್ನು ಅದು ತಡೆದೀತು, ಆದರೆ ಅಷ್ಟೇ ಸಾಲದು. ಸಾಲ ಕೊಡುವ ದಿನವೇ ಒಟ್ಟು ಎಷ್ಟು ಕಟ್ಟಬೇಕೆಂದು ದಪ್ಪ ಅಕ್ಷರದಲ್ಲಿ ಬರೆದು, ಓದಿ ಹೇಳಬೇಕು. ದ್ರಾಕ್ಷಿ ಬೆಳೆಗಾರನ ಕಂತು ಒಣದ್ರಾಕ್ಷಿ ಮಾರಿದ ಮೇಲೆ ಬೀಳಬೇಕು, ಚಾಟ್ನಿಯ ತಿಂಗಳಲ್ಲಿ ಅಲ್ಲ.